ಮೊಮ್ಮಗಳಿಗೆಂದು ಕಲಸಿದ ಕಪ್ಪು

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಅಜ್ಜಂಪುರದ ಪಕ್ಕದ ನಮ್ಮ ಹಳ್ಳಿಗೆ ಬಾಣಂತನಕ್ಕೆ ಕರೆತಂದೆವು. ಬೆಳಿಗ್ಗೆ ಎದ್ದರೆ ಮಗುವಿಗೆ ಎಣ್ಣೆ ಹಚ್ಚಿ, ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿ ನೀರು ಹಾಕುವುದು ನನ್ನ ಕೆಲಸ. ಅದನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬಿಸಿನೀರು ಮೈಮೇಲೆ ಬಿದ್ದ ಕೂಡಲೇ ಮಗು ತುಟಿ ಮುಂದೆ ಮಾಡಿ ಒಂದು ಉಸಿರು ಬಿಡುತ್ತದೆ. ಅದನ್ನು ನೋಡಲಿಕ್ಕೇ ಇಷ್ಟು ವರ್ಷ ಬದುಕಿದೆನೇನೋ ಅನ್ನಿಸುತ್ತಿತ್ತು.

ಮಗುವಿನ ಕಣ್ಣಿಗೆ ಕಪ್ಪು ಹಚ್ಚಬಾರದು ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದರು. ಮಗಳು ಅದನ್ನು ನನಗೆ ನಾಲ್ಕು ಸಲ ಹೇಳಿದ್ದಳು. ನಾಲ್ಕು ಸಲವೂ ಹೂಂ ಅಂದಿದ್ದೆ. ಆದರೆ ಮನಸ್ಸು ಕೇಳಬೇಕಲ್ಲ! ನನ್ನ ಮೂರು ಮಕ್ಕಳಿಗೂ ಕಪ್ಪು ತಿದ್ದಿಯೇ ಬೆಳೆಸಿದವಳು ನಾನು. ಒಂದು ಶುಕ್ರವಾರ ಮಧ್ಯಾಹ್ನ ತಾಯಿ ಮಗು ಇಬ್ಬರೂ ಮಲಗಿದ್ದರು. ಹಿತ್ತಿಲಲ್ಲಿ ಕೂತು ಹರಳೆಣ್ಣೆ ದೀಪ ಹಚ್ಚಿ, ಮೇಲೆ ಕಂಚಿನ ತಟ್ಟೆ ಕವುಚಿ, ಕಟ್ಟಿದ ಮಸಿ ಕೆರೆದು ಎಣ್ಣೆಯಲ್ಲಿ ಕಲಸಿದೆ. ಕಣ್ಣಿಗೆ ತಂಪು ಎಂದು ನಮ್ಮವ್ವ ಅದಕ್ಕೆ ಚೂರು ಪಚ್ಚಕರ್ಪೂರ ಸೇರಿಸುತ್ತಿದ್ದಳು. ಮನೆಯಲ್ಲಿ ಅದಿರಲಿಲ್ಲ. ದೇವರ ಗೂಡಿನಲ್ಲಿ ಮಂಗಳಾರತಿ ಕರ್ಪೂರ ಇತ್ತು. ಎರಡೂ ಕರ್ಪೂರವೇ ತಾನೇ ಎಂದು ಅದನ್ನೇ ಪುಡಿ ಮಾಡಿ ಬೆರೆಸಿಬಿಟ್ಟೆ.

ಹೊಸ ಕಪ್ಪನ್ನು ಮಾಡಿದವಳು ಮೊದಲು ತನ್ನ ಕಣ್ಣಿಗೆ ಹಚ್ಚಿಕೊಂಡು ನೋಡಬೇಕು. ನಮ್ಮವ್ವ ಕಲಿಸಿದ್ದು ಹಾಗೆ. ಎಡಗಣ್ಣಿಗೆ ಹಚ್ಚಿಕೊಂಡೆ. ಕೆಂಡ ಇಟ್ಟಂತಾಯಿತು. ಬಚ್ಚಲಿಗೆ ಓಡಿ ಚೊಂಬುಗಟ್ಟಲೆ ನೀರು ಹಾಕಿ ತೊಳೆದೆ. ಕಪ್ಪು ಹೋಯಿತು, ಉರಿ ಹೋಗಲಿಲ್ಲ.

ಎದ್ದು ಬಂದ ಮಗಳು ಹೌಹಾರಿದಳು. “ಏನಾಯ್ತವ್ವ ಕಣ್ಣಿಗೆ?”

“ಧೂಳು ಬಿತ್ತು ಕಣೇ,” ಅಂದುಬಿಟ್ಟೆ.

ನಿಜ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಇನ್ನು ಮಗುವನ್ನು ನನ್ನ ಹತ್ತಿರ ಬಿಟ್ಟು ಅವಳು ಕಣ್ಣು ಮುಚ್ಚಿ ಮಲಗುತ್ತಾಳೆಯೇ? ಆ ಒಂದು ಭಯ.

ಸಂಜೆಯಾಗುವಷ್ಟರಲ್ಲಿ ಕಣ್ಣು ಕೆಂಪಗಾಗಿ ನೀರು ಸುರಿಯತೊಡಗಿತು. ಮಗಳು ಆಶಾ ಕಾರ್ಯಕರ್ತೆಗೆ ಫೋನು ಮಾಡಿದಳು. ಸುತ್ತಮುತ್ತ ಕಣ್ಣು ಬೇನೆ ಎದ್ದಿದೆ, ಅಂಟುವಂಥದ್ದಾದರೂ ಆಗಿರಬಹುದು, ಡಾಕ್ಟರು ನೋಡುವ ತನಕ ಮಗುವನ್ನು ಮುಟ್ಟಬೇಡಿ, ಕಾಯಿಸಿ ಆರಿಸಿದ ನೀರಲ್ಲಿ ಕಣ್ಣು ತೊಳೆಯುತ್ತಿರಿ, ಬೇರೇನೂ ಹಾಕಬೇಡಿ ಎಂದಳು ಅವಳು. ತರೀಕೆರೆಗೆ ಕಣ್ಣಿನ ಡಾಕ್ಟರು ಬರುವುದು ಸೋಮವಾರ. ನನ್ನ ಸುಳ್ಳು ನನ್ನನ್ನೇ ಜಗಲಿಗೆ ಹಾಕಿತು.

ಎರಡು ದಿನ ಜಗಲಿಯಲ್ಲೇ ಕೂತೆ. ತಣ್ಣನೆಯ ಒದ್ದೆ ಬಟ್ಟೆ ಕಣ್ಣಿನ ಮೇಲೆ ಹಾಕಿಕೊಳ್ಳುವುದು, ತೆಗೆಯುವುದು. ಬಿಸಿಲು ಕಂಡರೆ ಚುಚ್ಚುತ್ತಿತ್ತು. ಉಜ್ಜಬೇಕೆನಿಸಿದಾಗಲೆಲ್ಲ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ.

ಎದುರುಮನೆಯಾಕೆ ಬಂದು, “ಅಯ್ಯೋ, ಮನೇಲಿ ಬಾಣಂತಿ ಇಟ್ಕಂಡು ಡಾಕ್ಟ್ರು ಯಾಕಕ್ಕ? ಎರಡು ತೊಟ್ಟು ಎದೆಹಾಲು ಬಿಟ್ಕ, ಬೆಳಗಾಗೋದ್ರಲ್ಲಿ ವಾಸಿ,” ಅಂದಳು.

ಒಳಗಿನಿಂದ ಮಗಳು ಕೂಗಿದಳು: “ಅತ್ತೆ, ಇರೋ ಹಾಲು ನನ್ ಮಗೀಗೇ ಸಾಲ್ದು. ಅವ್ವಂಗೂ ಕುಡಿಸ್ಲಾ?”

ಉರಿಯಲ್ಲೂ ನಗು ಬಂತು. ಮಗುವಿನ ಸ್ನಾನವನ್ನು ಮಗಳೂ ನಮ್ಮ ಯಜಮಾನರೂ ಸೇರಿ ಮಾಡಿದರು. ನಾನು ಬಚ್ಚಲ ಗೋಡೆಯ ಈಚೆ ನಿಂತು, “ಕಿವಿಗೆ ನೀರು ಹೋದಾತು ಕಣ್ರೀ,” ಅಂತ ಕೂಗಿದರೆ, “ಲೇ, ಕಣ್ಣು ಮುಚ್ಕಂಡು ನಿಂತಿರೋಳಿಗೆ ಕಿವಿ ಹೆಂಗೆ ಕಾಣ್ತೈತೆ? ಸುಮ್ಕಿರು,” ಅಂದರು. ಮಗುವಿನ ಆ ಉಸಿರು ಅಂದು ನನಗೆ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಯಜಮಾನರು ನನ್ನನ್ನು ತರೀಕೆರೆ ಬಸ್ಸು ಹತ್ತಿಸಿ ಕರೆದುಕೊಂಡು ಹೋದರು. ಚೀಟಿ ಬರೆಸಿ ಬೆಂಚಿನ ಮೇಲೆ ಕೂತೆವು. ನಮ್ಮ ಮುಂದೆ ತುಂಬ ಜನ ಇದ್ದರು. ಪಕ್ಕದಲ್ಲಿದ್ದ ತರೀಕೆರೆಯ ಮುಸ್ಲಿಂ ಹೆಂಗಸು, ನನ್ನಷ್ಟೇ ವಯಸ್ಸಿನವರು, ಏನಾಯಿತು ಎಂದು ಕೇಳಿದರು. ಗುರುತಿಲ್ಲದವರ ಮುಂದೆ ಹೇಳುವುದು ಸುಲಭ. ಕರ್ಪೂರದ ಸಮೇತ ಎಲ್ಲ ಹೇಳಿದೆ.

ಅವರು ನನ್ನ ತೊಡೆ ತಟ್ಟಿ ನಕ್ಕರು. “ನಮ್ದೂ ಅದೇ ಕತೆ ಅಮ್ಮ. ನಾವು ಸುರ್ಮಾ ಹಾಕ್ತೀವಿ. ಮೊಮ್ಮಗನಿಗೆ ಹಾಕಿ, ಕಣ್ಣು ಊದಿ, ಇದೇ ಬೆಂಚಲ್ಲಿ ಅಳ್ತಾ ಕೂತಿದ್ದೆ. ನಿಮ್ದು ನಿಮ್ ಕಣ್ಣಿಗೇ ಹೋಯ್ತಲ್ಲ! ದೇವ್ರು ದೊಡ್ಡವನು.”

ಆ ಮಾತು ಎದೆಗೆ ನಾಟಿತು. ಎರಡು ದಿನ ನನ್ನ ಉರಿಯನ್ನೇ ನೆನೆದು ಕೊರಗಿದ್ದೆ. ಅದು ಆ ಎಳೆ ಕಣ್ಣಿಗೆ ಹೋಗಿದ್ದರೆ ಎಂಬ ಯೋಚನೆ ಆಗ ಬಂತು. ಅಲ್ಲೇ ಕೈ ಮುಗಿದೆ.

ಆಚೆ ಪಕ್ಕದಲ್ಲಿದ್ದ ಯಜಮಾನರಿಗೆ ಎಲ್ಲ ಕೇಳಿಸಿತ್ತು. “ಧೂಳು ಅಂದ್ಯಲ್ಲೇ?” ಅಂದರು. ನಾನು ತಲೆ ತಗ್ಗಿಸಿದೆ. “ಡಾಕ್ಟ್ರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?”

ನಾನೇ ಹೇಳಿದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಬೈಯಲಿಲ್ಲ. ಬೆಳಕು ಬಿಟ್ಟು ನೋಡಿ, ಕಣ್ಣು ತೊಳೆದು, “ಇದು ಅಂಟೋ ಕಾಯಿಲೆ ಅಲ್ಲ ಅಜ್ಜಿ. ಕರ್ಪೂರದಿಂದ ಹಿಂಗಾಗಿದೆ. ಕೂಡ್ಲೇ ನೀರಲ್ಲಿ ತೊಳೆದಿದ್ದು ಒಳ್ಳೇದಾಯ್ತು. ಅವತ್ತೇ ಯಾವ್ದಾದ್ರೂ ಆಸ್ಪತ್ರೆಗೆ ಹೋಗಬೇಕಿತ್ತು. ಡ್ರಾಪ್ಸ್ ಕೊಡ್ತೀನಿ, ವಾಸಿಯಾಗುತ್ತೆ,” ಅಂದರು.

“ಮಗೀನ ಎತ್ಕಬೌದಾ?”

“ಕೈ ತೊಳ್ಕೊಂಡು ಎತ್ಕೊಳ್ಳಿ. ಕಪ್ಪು ಮಾತ್ರ ಅದರ ಕಣ್ಣಿನ ಹತ್ರ ತರಬೇಡಿ.”

ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಹೋದೆ. “ಕಣ್ಣಿಗೆ ಬೇಡ ಅಜ್ಜಿ!” ಎಂದು ಅವರೇ ನಕ್ಕು ಕೈ ಎಳೆದುಕೊಂಡರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಗಳಿಗೆ ಎಲ್ಲ ಹೇಳಿದೆ. ಅವಳ ಮುಖ ಬಿಗಿಯಿತು.

“ನಾನು ಮಲಗಿದ್ದಾಗ?”

“ಹೂಂ.”

“ನನ್ ಮಗೀಗೆ ಹಚ್ಚೋಕೆ?”

“ಹೂಂ ಕಣವ್ವ. ತಪ್ಪಾಯ್ತು.”

ಅವಳು ಬಗ್ಗಿ ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ತುಂಬಾ ಉರೀತಾ ಅವ್ವ?”

“ತುಂಬಾ.”

ಮಲಗಿದ್ದ ಮಗುವಿನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಕೈ ತೊಳ್ಕಂಡು ಬಾ. ಮೊಣಕೈಗಂಟ. ಸೋಪು ಹಾಕಿ,” ಅಂದಳು.

ತೊಳೆದು ಬಂದೆ. ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿ, ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು. ನನ್ನ ತಲೆ ಹಿಂದಕ್ಕೆ ಬಾಗಿಸಿ ಡ್ರಾಪ್ಸ್ ಬಿಟ್ಟಳು. ಕೆನ್ನೆಯ ಮೇಲೆ ಇಳಿದದ್ದರಲ್ಲಿ ಔಷಧಿ ಎಷ್ಟೋ, ನನ್ನದು ಎಷ್ಟೋ. ಆಮೇಲೆ, “ಎರಡು ದಿನದಿಂದ ನಿದ್ದೆ ಇಲ್ಲ. ಒಸಿ ಮಲಗ್ತೀನಿ. ನೋಡ್ಕ,” ಅಂದು ಒಳಗೆ ಹೋದಳು.

ನಾನು ಅಲ್ಲಾಡದೆ ಕೂತೆ. ಮಗು ಏನೂ ಹಚ್ಚದ ಕಣ್ಣು ತೆರೆದು ನನ್ನನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಮಗಳ ಗೊರಕೆ ಕೇಳಿಸಿತು.