ದೊಡ್ಡಮ್ಮನ ಕಿವಿ ಮತ್ತು ನಾಲ್ಕು ಪುಟದ ಒಪ್ಪಿಗೆ ಪತ್ರ

ಹೊಸ ತಂತ್ರಜ್ಞಾನ ಬಂದಾಗ ಯಾರಿಗೂ ಅನ್ಯಾಯ ಆಗದಂತೆ ಎಂಥ ನೀತಿ ಇರಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು ನಾವು. ಕಡೇ ಸೆಮಿಸ್ಟರ್‌ಗೆ ನಾನೂ ನನ್ನ ಗೆಳತಿಯೂ ಸೇರಿ ಒಂದು ವರದಿ ಬರೆಯಬೇಕಿತ್ತು. ಅದು ಕೈಕೊಟ್ಟರೆ ಇಬ್ಬರೂ ಫೇಲು. ನಮ್ಮಪ್ಪನಿಗಂತೂ ನಾನು ಓದುತ್ತಿದ್ದುದರ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಮಗಳು ಯಾವುದರಲ್ಲಿ ಫೇಲಾದಳು ಎಂದು ಊರಿನವರಿಗೆ ಹೇಳುವುದಾದರೂ ಹೇಗೆ?

ಆಗ ಯಾರೋ ಒಂದು ಆ್ಯಪ್ ತಯಾರಿಸುತ್ತಿದ್ದರು. ತೆಂಗಿನಕಾಯಿ ಅಲ್ಲಾಡಿಸಿದ ಸದ್ದು ಕೇಳಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತದಂತೆ. ಅದಕ್ಕೆ ಪಾಠ ಕಲಿಸಲು ಬಲ್ಲವರ ಕಿವಿ ಬೇಕು. ಹಾಗೆ ಕಿವಿ ಕೊಡುವವರ ಒಪ್ಪಿಗೆ ಪಡೆಯುವುದು ಹೇಗೆ ಎನ್ನುವುದೇ ನಮ್ಮ ವರದಿಯ ವಿಷಯ. ಬಲ್ಲವರನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ, ಕಿಬ್ಬನಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ನಮ್ಮ ದೊಡ್ಡಮ್ಮ ಇದ್ದಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಸಾಕು, ಒಳಗಿನ ನೀರು ಆರಿ ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಸುಲಿಯುವ ಮುಂಚೆ ಅಕ್ಕಪಕ್ಕದ ತೋಟದವರೂ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು.

ಗೆಳತಿ ನಾಲ್ಕು ಪುಟದ ಒಪ್ಪಿಗೆ ಪತ್ರ ತಯಾರಿಸಿದ್ದಳು. ಜಗಲಿಯಲ್ಲಿ ದೊಡ್ಡಪ್ಪನನ್ನು ಕೂರಿಸಿಕೊಂಡು ಒಂದೊಂದು ಸಾಲನ್ನೂ ಓದಿ ಹೇಳಿದೆವು. ತೋಟ ಅವರದು, ಪಹಣಿ ಅವರ ಹೆಸರಿನಲ್ಲಿ, ಮನೆಗೆ ಬರುವ ಯಾವ ಕಾಗದಕ್ಕೂ ರುಜು ಅವರದೇ. ಎರಡನೇ ಪುಟಕ್ಕೇ ತೂಕಡಿಸಿದ ಅವರು ನಾಲ್ಕನೆಯದಕ್ಕೆ ಎಚ್ಚರಾಗಿ ರುಜು ಹಾಕಿದರು. ಅಷ್ಟೊತ್ತೂ ದೊಡ್ಡಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಅವಳನ್ನೂ ಒಂದು ಮಾತು ಕೇಳಬೇಕೆಂದು ನಮ್ಮಿಬ್ಬರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಒಪ್ಪಿಗೆಯ ಮೇಲೆ ವರದಿ ಬರೆಯಲು ಹೊರಟ ಮಹಾ ಪಂಡಿತರು!

ಎರಡು ದಿನ ಅಟ್ಟದಲ್ಲಿ ಫೋನ್ ಇಟ್ಟುಕೊಂಡು ಕೂತೆವು. ಅವಳು ಕಾಯಿ ಅಲ್ಲಾಡಿಸಿ ಆಗೈತೆ ಎನ್ನುವಳು, ಇಲ್ಲವೇ ಇನ್ನೂ ಹಸಿ ಎನ್ನುವಳು. ನಾವು ಸೀಮೆಸುಣ್ಣದಲ್ಲಿ ನಂಬರು ಹಾಕಿ ಬರೆದುಕೊಳ್ಳುವುದು. ಕೆಲಸ ಇಷ್ಟು ಸಲೀಸಾಗಿ ನಡೆಯಿತಲ್ಲ ಎಂದು ನನಗೆ ಹಿಗ್ಗೋ ಹಿಗ್ಗು.

ಮೂರನೇ ದಿನ ಬೆಳಗ್ಗೆ, ತಾಳೆ ನೋಡೋಣವೆಂದು ದೊಡ್ಡಪ್ಪನ ಕೈಯಲ್ಲಿ ನಾಲ್ಕಾರು ಕಾಯಿ ಸುಲಿಸಿ ಒಡೆಸಿದೆವು. ಆಗಿದೆ ಎಂದಿದ್ದ ಕಾಯಿಯ ನೀರು ಅವರ ಪಂಚೆಯ ಮೇಲೆಲ್ಲ ಸುರಿಯಿತು. ಹಸಿ ಎಂದಿದ್ದ ಕಾಯಿಯೊಳಗಿಂದ ಚಂದದ ಉಂಡೆ ಕೊಬ್ಬರಿ ಉರುಳಿತು. ಇನ್ನೊಂದು ಒಡೆದರು, ಮತ್ತೊಂದು. ಎಲ್ಲವೂ ತಿರುಗುಮುರುಗು. ನಿನಗೆ ಕಿವಿ ಹೋಯಿತೇನೇ ಎಂದು ದೊಡ್ಡಪ್ಪ ನಿಜಕ್ಕೂ ಗಾಬರಿಬಿದ್ದರು. ವರದಿ ಕೊಡಲು ನಾಲ್ಕೇ ದಿನ ಉಳಿದಿತ್ತು, ಗೆಳತಿ ಅಳುವುದೊಂದು ಬಾಕಿ.

ದೊಡ್ಡಮ್ಮ ಹಸಿ ಹೋಳುಗಳನ್ನು ಚಟ್ನಿಗೆಂದು ಆರಿಸಿಕೊಳ್ಳುತ್ತಾ, ಏನೂ ಆಗದವಳಂತೆ ಹೇಳಿದಳು:

"ನನ್ ಕಿವಿ ನೆಟ್ಟಗೈತೆ ಕಣ್ರೀ. ರುಜು ಹಾಕ್ದೋರು ನೀವು, ಕಿವೀನೂ ನೀವೇ ಕೊಡಿ."

ಕಪಾಳಕ್ಕೆ ಬಿಗಿದಂತಾಯಿತು ನನಗೆ. ಎರಡು ದಿನ ಬೇಕೆಂದೇ ಉಲ್ಟಾ ಹೇಳಿದ್ದಾಳೆ, ಅದೂ ಒಂದು ಚೂರೂ ನಗದೆ! ಸಿಟ್ಟು ಬಂತು, ನಾಚಿಕೆ ಅದಕ್ಕಿಂತ ಜಾಸ್ತಿ ಬಂತು.

ದೊಡ್ಡಮ್ಮನ ಹೆಸರಿನಲ್ಲೇ ಹೊಸ ಪತ್ರ ಬರೆದು, ಹಿಡಿದು ಅಡುಗೆಮನೆಗೆ ಹೋದೆವು. ಕನ್ನಡಕ ಹಾಕಿಕೊಂಡು ನಾಲ್ಕೂ ಪುಟ ತಾನೇ ಓದಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು:

"ಯಾವಾಗ ಬೇಕಾದ್ರೂ ಬ್ಯಾಡ ಅನ್ಬೋದು ಅಂತ ಬರ್ದಿದೀರಲ್ಲ, ದಿಟವೇನೇ?"

ನೂರಕ್ಕೆ ನೂರು ದಿಟ ಎಂದು ಇಬ್ಬರೂ ಪೈಪೋಟಿಯ ಮೇಲೆ ಹೇಳಿದೆವು. ರುಜು ಹಾಕಿ ಅಟ್ಟ ಹತ್ತಿದಳು. ಮೂರು ಕಾಯಿ ಅಲ್ಲಾಡಿಸಿ, ಮೂರಕ್ಕೂ ಹೇಳಿ, ಸೆರಗು ಕೊಡವಿಕೊಂಡು ಇಳಿದುಬಿಟ್ಟಳು.

"ಇನ್ ಬ್ಯಾಡ ಅಂದೆ ಕಣೇ. ಮಿಕ್ಕಿದ್ದು ನನ್ ತಾವೇ ಇರ್ಲಿ ಬುಡು."

ಗೆಳತಿ ದಮ್ಮಯ್ಯ ಎಂದಳು, ನಾನು ಗಲ್ಲ ಹಿಡಿದು ಬೇಡಿಕೊಂಡೆ. ಅವಳು ಪತ್ರದ ಅದೇ ಸಾಲನ್ನು ತೋರಿಸಿ ಒಲೆ ಕಡೆಗೆ ತಿರುಗಿದಳು. ಮೂರೇ ಕಾಯಿಯ ಮೇಲೆ ವರದಿ ಬರೆದೆವು, ಮೊದಲು ಯಾರಿಂದ ರುಜು ಹಾಕಿಸಿದ್ದೆವು ಎನ್ನುವುದನ್ನೂ ಮುಚ್ಚಿಡದೆ ಬರೆದೆವು. ಪಾಸಾದೆವು. ಆ ಮೂರು ಕಾಯಿಗಳನ್ನು ಒಡೆದಾಗ ಮೂರೂ ಅವಳು ಹೇಳಿದ ಹಾಗೆಯೇ ಇದ್ದವು.