ಹಂಗೇರಿ ಸವಾರನ ಕೋಟಿನ ಒಳಮಗ್ಗುಲು

ಸೂಜಿ ಹಿಡಿಯುವುದನ್ನು ನನಗೆ ಕಲಿಸಿದವಳು ಅವ್ವ. ಧಾರವಾಡದ ಮನೆಯ ಕಿಟಕಿಯ ಬೆಳಕಿಗೆ ಕೂಡಿಸಿ, ಇಳಕಲ್ ಸೀರೆಯ ಎಳೆ ಎಣಿಸಿ ಎಣಿಸಿ ಕಸೂತಿ ಹಾಕಿಸುತ್ತಿದ್ದಳು. ಅವಳ ಕಟ್ಟಳೆ ಒಂದೇ: ಎಲ್ಲಿಯೂ ಗಂಟು ಹಾಕುವಂತಿಲ್ಲ. ಗೋಪುರವಿರಲಿ, ಆನೆಯಿರಲಿ, ಮೇಲೆ ಕಂಡಂತೆಯೇ ಹಿಂಬದಿಯಲ್ಲೂ ಕಾಣಬೇಕು. ಮುಗಿಸಿ ಕೈಗಿಟ್ಟರೆ ಅವಳು ಮೊದಲು ತಿರುವಿ ನೋಡುತ್ತಿದ್ದದ್ದು ಹಿಂಬದಿಯನ್ನೇ.

ಆ ಕಟ್ಟಳೆ ನನ್ನ ಕೆಲಸಕ್ಕೇ ಕುತ್ತು ತಂದದ್ದು ಲಂಡನ್ನಿನಲ್ಲಿ, ತೊಂಬತ್ತರ ದಶಕದ ಕೊನೆಗೆ, ಅದೂ ಹಂಗೇರಿಯ ಕುದುರೆ ಸವಾರರ ದೆಸೆಯಿಂದ.

ಆಗ ನಮ್ಮ ಮನೆ ಪಿನ್ನರ್‌ನಲ್ಲಿತ್ತು. ನಮ್ಮವರು ಆಸ್ಪತ್ರೆಯಲ್ಲಿ ಡಾಕ್ಟರು, ಮಗಳು ಶಾಲೆ ಮುಗಿಸುವ ಹಂತದಲ್ಲಿದ್ದಳು. ಹದಿನೈದು ವರ್ಷ ಮನೆಯೊಂದನ್ನೇ ನೋಡಿಕೊಂಡಿದ್ದ ನನಗೆ ನನ್ನದು ಅಂತ ಒಂದು ಕೆಲಸ ಬೇಕೆನಿಸಿತ್ತು. ಪಾರ್ಕ್ ರಾಯಲ್‌ನಲ್ಲಿ ನಾಟಕದ ಉಡುಪು ಹೊಲಿಯುವ ಸಣ್ಣ ಕಾರ್ಖಾನೆಯೊಂದಕ್ಕೆ ಕೈಹೊಲಿಗೆಯವರು ಬೇಕಾಗಿದ್ದರು. ಮಾಲೀಕಳು ನನ್ನ ಕಸೂತಿ ನೋಡಿ ಕಣ್ಣರಳಿಸಿದಳು, ಆದರೆ ಶರತ್ತು ಬಿಡಲಿಲ್ಲ. ಒಂದು ತಿಂಗಳಲ್ಲಿ ಆರು ಕೋಟು ಮುಗಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಇಲ್ಲ.

"ನಿನಗ್ಯಾಕ ಬೇಕ ಈ ಉಸಾಬರಿ? ಮನ್ಯಾಗ ಆರಾಮ ಇರಬಾರದೇನು?" ಅಂದರು ನಮ್ಮವರು.

"ಆರಾಮ ಇದ್ದೂ ಇದ್ದೂ ಸಾಕಾಗೇದ್ರಿ," ಅಂದೆ.

ಕೋಟು ಎಂದರೆ ನಾಟಕವೊಂದರ ಹಂಗೇರಿ ಸವಾರರಿಗೆ, ಸೊಂಟದವರೆಗಿನ ಕೆಂಪು ಉಣ್ಣೆ ಬಟ್ಟೆಯದು. ಎದೆಯ ತುಂಬ, ಪಕ್ಕೆಲುಬಿನ ಹಾಗೆ ಒಂದರ ಕೆಳಗೊಂದು ಹಳದಿ ಹುರಿ ಇಟ್ಟು ಹೊಲಿಯಬೇಕು. ಕುತ್ತಿಗೆಗೆ, ಅಂಚಿಗೆ ತುಪ್ಪಳ. ನನಗೆ ಬಗೆಹರಿಯದ ಸಂಗತಿ ಬೇರೆಯೇ ಇತ್ತು. ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿ ಸವಾರ ಆ ಕೋಟನ್ನು ತೊಟ್ಟಿರಲೇ ಇಲ್ಲ. ಒಳಗೆ ಅಂಥದ್ದೇ ಇನ್ನೊಂದನ್ನು ತೊಟ್ಟು, ಇದನ್ನು ಎಡ ಹೆಗಲಿಗೆ ಇಳಿಬಿಟ್ಟಿದ್ದ. ಇದ್ದ ಕೋಟನ್ನು ತೊಡದೆ ಹೆಗಲ ಮೇಲೆ ಹೊತ್ತು ಯುದ್ಧಕ್ಕೆ ಹೋಗುವವರು ಎಂಥ ಮಂದಿ?

ಕೇಳಿದ್ದು ಸರಿಯಾದವರನ್ನೇ. ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಇದ್ದವಳು ಹಂಗೇರಿಯ ಮುದುಕಿ. ಹುಡುಗಿಯಾಗಿದ್ದಾಗ ಗಡಿ ದಾಟಿ ಬಂದವಳಂತೆ. ನಾನು ಮನಸ್ಸಿನಲ್ಲೇ ಅವಳನ್ನು ಕತ್ತರಿ ಅಜ್ಜಿ ಅಂತ ಕರೆಯುತ್ತಿದ್ದೆ. ನಲವತ್ತು ದಾಟಿದ್ದ ನನ್ನನ್ನು ಅವಳು "ಹುಡುಗಿ" ಅನ್ನುತ್ತಿದ್ದಳು.

"ಚಳಿಯಾದರೆ ತೊಡು, ಸೆಕೆಯಾದರೆ ಹೆಗಲಿಗೆ ಹಾಕು," ಅಂದಳು. "ಬಲಗೈ ಖಡ್ಗಕ್ಕೆ ಬೇಕು ಹುಡುಗಿ, ಅದಕ್ಕೇ ಎಡಕ್ಕೆ. ಎಡಗಡೆಯಿಂದ ಏಟು ಬಿದ್ದರೆ ಮೊದಲು ಕೋಟಿನ ಮೇಲೆ ಬೀಳಲಿ."

ನಾನು ನನ್ನ ಸೆರಗು ಮುಟ್ಟಿ ನೋಡಿಕೊಂಡೆ. ಅದೂ ಎಡ ಹೆಗಲಿನ ಮೇಲೇ ಇತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದ ಬೇಕರಿಯಿಂದ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ನನ್ನ ಡಬ್ಬಿಯ ಶೇಂಗಾ ಹಿಂಡಿಯನ್ನು ತನ್ನ ಬ್ರೆಡ್ಡಿಗೆ ಉದುರಿಸಿಕೊಂಡು ಅಜ್ಜಿ ಕಥೆ ಬಿಚ್ಚುತ್ತಿದ್ದಳು. ಅವಳ ಊರಿನ ಕಡೆಯ ಸವಾರರು ತುರ್ಕರ ಗಡಿಯಲ್ಲಿ ತಲೆಮಾರುಗಟ್ಟಲೆ ಕಾದಾಡಿ ಪಳಗಿದವರು. ಫಕ್ಕನೆ ಬಂದು ಹೊಡೆದು ಫಕ್ಕನೆ ಮಾಯವಾಗುವುದು ಅವರ ವರಸೆ. ಮುಂದೆ ತಮ್ಮ ಅರಸನ ಮೇಲೇ ದಂಗೆಯೆದ್ದು ಸೋತಾಗ ಹಲವರು ದೇಶ ಬಿಟ್ಟು ಫ್ರಾನ್ಸಿನ ದೊರೆಯ ಚಾಕರಿಗೆ ಸೇರಿದರು. ಅವರನ್ನು ಕಂಡು ಉಳಿದ ದೊರೆಗಳಿಗೂ ಅಂಥ ಸವಾರರು ಬೇಕಾದರು. ಸವಾರರು ಸಿಗದ ಕಡೆ ಅವರ ಕೋಟನ್ನಾದರೂ ಹೊಲಿಸಿ ತಮ್ಮವರಿಗೆ ತೊಡಿಸಿದರು. ಕೊನೆಗೆ ಎದುರು ಬದುರು ನಿಂತವರಿಬ್ಬರ ಹೆಗಲ ಮೇಲೂ ಅದೇ ಕೋಟು.

"ಹಾಗಾದರೆ ಯಾರಿಗೆ ಹೊಡೆಯಬೇಕಂತ ಹೇಗೆ ಗೊತ್ತಾಗುತ್ತಿತ್ತು?"

"ನಾನೂ ನಮ್ಮ ತಾತನಿಗೆ ಇದನ್ನೇ ಕೇಳಿದ್ದೆ. ಕುದುರೆಗೆ ಗೊತ್ತಿರುತ್ತಿತ್ತು ಅಂದ!"

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಮಗಳು, "ಅಮ್ಮಾ, ಇಟ್ಸ್ ಜಸ್ಟ್ ಎ ಜಾಕೆಟ್," ಅಂದು ಮೆಟ್ಟಿಲು ಹತ್ತಿಬಿಟ್ಟಳು.

ಕಥೆ ಓಡುತ್ತಿತ್ತು, ಹೊಲಿಗೆ ಓಡಲಿಲ್ಲ. ಎರಡು ವಾರ ಕಳೆದರೂ ಮುಗಿದದ್ದು ಒಂದೂವರೆ ಕೋಟು. ಕಾರಣ ಅವ್ವನ ಕಟ್ಟಳೆ. ಹುರಿಯನ್ನು ಬಟ್ಟೆಗೆ ಕೂರಿಸುವಾಗ ಗಂಟಿಲ್ಲದೆ ದಾರ ತಿರುಗಿಸಿ, ಹಿಂಬದಿಯನ್ನೂ ಒಪ್ಪವಾಗಿಡುತ್ತಿದ್ದೆ. ಅಜ್ಜಿ ಅದನ್ನು ತಿರುವಿ ನೋಡಿ ತಲೆ ಚಚ್ಚಿಕೊಂಡಳು.

"ಅಸ್ತರು ಹಾಕಿದ ಮೇಲೆ ಇದು ದೇವರಿಗೂ ಕಾಣುವುದಿಲ್ಲ. ಯಾರಿಗೆ ತೋರಿಸಬೇಕಂತ ಇದೀಯ?"

ಅವ್ವನಿಗೆ, ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಗಂಟು ಹಾಕಲು ಕೂತರೆ ಬೆರಳು ಒಪ್ಪುತ್ತಿರಲಿಲ್ಲ.

ಆ ಶನಿವಾರ ಅಜ್ಜಿ ನನ್ನನ್ನು ಒಂದು ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯೊಳಗೆ ನಿಜವಾದ ಕೋಟೊಂದು ನೇತಾಡುತ್ತಿತ್ತು. ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ತುಪ್ಪಳ ನುಸಿ ತಿಂದಿತ್ತು. ಕೆಳಗಿನ ಮೂಲೆಯಲ್ಲಿ ಅಸ್ತರು ಹರಿದು ಜೋತುಬಿದ್ದಿದ್ದು ಕಂಡಿತು. ಅಂದರೆ ಒಳಮಗ್ಗುಲು ಕಾಣುತ್ತದೆ! ನಾನು ಸೀರೆಯ ನೆರಿಗೆ ಒತ್ತಿಕೊಂಡು ನೆಲದ ಮೇಲೇ ಕೂತು, ಕತ್ತು ಹೊರಳಿಸಿ ಮೇಲಕ್ಕೆ ನೋಡಿದೆ.

"ಮೇಡಂ, ಏನಾದರೂ ಕಳೆದುಹೋಯಿತೇ?" ಕಾವಲಿನವನು ಓಡಿಬಂದ.

"ಹುಡುಕುತ್ತಿದ್ದದ್ದು ಸಿಕ್ಕಿತು," ಅಂದೆ.

ಒಳಗೆಲ್ಲ ಗಂಟುಗಳು. ನಾಲ್ಕು ಹೊಲಿಗೆಗೊಂದು, ಮೆಂತ್ಯದ ಕಾಳಿನಷ್ಟು ದಪ್ಪ. ಮೊದಲು ನಗು ಬಂತು. ದಂಡಿಗೆ ನೂರಾರು ಕೋಟು ಬೇಕಲ್ಲ, ದರ್ಜಿ ಪಾಪ ಅವಸರದಲ್ಲಿ ಹೊಲಿದಿರಬೇಕು ಅಂದುಕೊಂಡೆ. ಎದ್ದು ಮುಂಭಾಗ ನೋಡಿದಾಗ ನಗು ನಿಂತಿತು. ಸರಿಯಾಗಿ ಅದೇ ಜಾಗದಲ್ಲಿ ಹುರಿ ಹರಿದು ತುಂಡಾಗಿತ್ತು. ಖಡ್ಗವೋ ನುಸಿಯೋ ಗೊತ್ತಿಲ್ಲ. ಹರಿದದ್ದು ಮಾತ್ರ ಬೆರಳಗಲ, ಅದರ ಆಚೆಗೂ ಈಚೆಗೂ ಹುರಿ ಅಷ್ಟು ಕಾಲದಿಂದಲೂ ಕದಲದೆ ಕೂತಿತ್ತು. ಗಂಟುಗಳು ಹಿಡಿದುಕೊಂಡಿದ್ದವು. ನನ್ನ ಹಾಗೆ ಒಂದೇ ದಾರ ಓಡಿಸಿದ್ದರೆ, ಒಂದು ಕಡೆ ಹರಿದದ್ದೇ ಸಾಲಿಗೆ ಸಾಲೇ ಬಿಚ್ಚಿಕೊಂಡು ಹೋಗುತ್ತಿತ್ತು.

ದರ್ಜಿಗೆ ಗೊತ್ತಿತ್ತು. ಅವ್ವನೂ ತಪ್ಪಲ್ಲ. ಕಸೂತಿ ಸೀರೆಯ ಮೇಲೆ ಯಾರೂ ಖಡ್ಗ ಬೀಸುವುದಿಲ್ಲ.

ಸೋಮವಾರ, ಅರ್ಧವಾಗಿದ್ದ ಎರಡನೆಯ ಕೋಟಿನ ಹುರಿ ಬಿಚ್ಚಿ ಗಂಟು ಹಾಕತೊಡಗಿದೆ. ಮೊದಲ ಗಂಟಿಗೆ ಬೆನ್ನ ಹಿಂದೆ ಅವ್ವ ನಿಂತಿದ್ದಾಳೆ ಅನಿಸಿತು, ಹತ್ತನೆಯದಕ್ಕೆ ಅನಿಸಲಿಲ್ಲ. ಎರಡು ದಿನಕ್ಕೊಂದು ಕೋಟು ಏಳತೊಡಗಿತು. ಆದರೂ ಕೊನೆಯ ಶುಕ್ರವಾರ ಮಧ್ಯಾಹ್ನ ಆರನೆಯದರ ಎಡ ತೋಳು ಉಳಿದೇ ಇತ್ತು. ಅಜ್ಜಿ ಚಹಾ ಬಿಟ್ಟು ಬಂದು ನನ್ನ ಎದುರು ಕೂತಳು. ಮೊಣಕೈಯಿಂದ ಕೆಳಗೆ ಅವಳು, ಮೇಲೆ ನಾನು.

ಐದು ಗಂಟೆಗೆ ಮಾಲೀಕಳು ಬಂದು ಆರನ್ನೂ ಎಣಿಸಿದಳು. ನಾಟಕದ ಕತ್ತಿ ಸಿಕ್ಕಿಕೊಂಡರೆ ತಡೆಯುತ್ತದೋ ಇಲ್ಲವೋ ನೋಡಲು ಪ್ರತಿ ಕೋಟಿನಲ್ಲೂ ಒಂದು ಹೊಲಿಗೆ ಕತ್ತರಿಸಿ ಹುರಿ ಜಗ್ಗಿದಳು. ಐದು ಅಲುಗಲಿಲ್ಲ. ನಾನು ಏಳು ದಿನ ಕೂತು ಹೊಲಿದ, ಒಳಗೂ ಹೊರಗೂ ಚಂದವಿದ್ದ ಮೊದಲನೆಯದು ಪಟಪಟನೆ ಬಿಚ್ಚಿಕೊಂಡು ಹುರಿ ಅವಳ ಕೈಗೇ ಬಂತು.

"ಇದನ್ನು ಸೋಮವಾರ ಮತ್ತೆ ಹೊಲಿ," ಅಂದು ಆಕೆ ಹೊರಟುಹೋದಳು.

ನಾನು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದೆ. ಅಜ್ಜಿ ಮೊಣಕೈಯಿಂದ ತಿವಿದಳು. "ಕೇಳಿಸಿತೇನು ಹುಡುಗಿ? ಸೋಮವಾರ ಅಂದಳು. ಸೋಮವಾರ!"

ಆ ಭಾನುವಾರ ಮಗಳಿಗಾಗಿ ಎಂದೋ ಶುರುಮಾಡಿ ಬಿಟ್ಟಿದ್ದ ಇಳಕಲ್ ಸೀರೆ ತೆಗೆದು ಕಿಟಕಿಯ ಹತ್ತಿರ ಕೂತೆ. ತುಳಸಿಕಟ್ಟೆಯ ಒಂದು ಮೂಲೆ ಮುಗಿಯಿತು. ತಿರುವಿ ನೋಡಿದರೆ, ಹಿಂಬದಿಯಲ್ಲಿ ಮೆಂತ್ಯದ ಕಾಳಿನಷ್ಟು ದಪ್ಪ ಗಂಟು.

ಬಿಚ್ಚಿ, ಎಳೆ ಎಣಿಸಿ, ಮೊದಲಿನಿಂದ ಹಾಕಿದೆ.