ನೀಲವ್ವಕ್ಕ ಬಿಟ್ಟ ಅರ್ಧ ರೊಟ್ಟಿ

ನಾನು ಒಮ್ಮೆ ಹದಿನೈದೇ ದಿನಗಳಲ್ಲಿ ನಾಲ್ಕು ಸೇರು ತೂಕ ಇಳಿದವನು. ಬಿಳೂರಿನಲ್ಲಿ ನನ್ನದು ಕಾಳುಕಡಿಯ ಅಂಗಡಿ. ಜೋಳದ ಚೀಲ ತೂಗುವ ದೊಡ್ಡ ತಕ್ಕಡಿ ಎದುರಿಗೇ ಇದ್ದುದರಿಂದ ಮುಂಜಾನೆಯೊಮ್ಮೆ, ಸಂಜೆಯೊಮ್ಮೆ ನನ್ನನ್ನೇ ತೂಗಿಕೊಳ್ಳುತ್ತಿದ್ದೆ. ಬರೀ ಮಜ್ಜಿಗೆ ಕುಡಿದು ಕಳೆದ ಆ ನಾಲ್ಕು ಸೇರು, ಮೈದುನನ ಮದುವೆಯ ಊಟದಲ್ಲಿ ಬಳಗವನ್ನೂ ಕರೆದುಕೊಂಡು ಹಿಂದಿರುಗಿತು.

ನಿಜವಾಗಿ ಇಳಿದವರಲ್ಲಿ ನಾನು ಕಂಡಿದ್ದು ಒಬ್ಬರನ್ನೇ: ಪಕ್ಕದ ಮನೆಯ ಸೂಲಗಿತ್ತಿ ನೀಲವ್ವಕ್ಕ. ಸುತ್ತಲಿನ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ಹೋಳಿಗೆ ಆಕೆಗೆ. ಬೇಡ ಎಂದರೆ ಬಾಣಂತಿಗೆ ಬೇಸರ. ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಕೂಸುಗಳೆಲ್ಲ ಆಕೆಯ ಮೈಮೇಲೆಯೇ ಬೆಳೆದಂತಿದ್ದವು.

ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮರುವರ್ಷ, ಬೆಳುಂಕಿಯ ಕುರಿಗಾರರ ಮನೆಯಲ್ಲಿ ಹೆರಿಗೆ ಮಾಡಿಸಲು ಕುಳಿತ ಆಕೆಗೆ ಏಳಲಾಗಲಿಲ್ಲ. ಕೂಸು ಕೈಗೆ ಬಂದಿತ್ತು, ಅಳುತ್ತಿರಲಿಲ್ಲ. ಬಿಸಿನೀರು ನಾಲ್ಕು ಹೆಜ್ಜೆ ಆಚೆಗಿತ್ತು. ಇಬ್ಬರು ಹೆಂಗಸರು ಕಂಕುಳಿಗೆ ಕೈಹಾಕಿ ಎತ್ತುವಷ್ಟರಲ್ಲಿ ಕೂಸು ತಾನಾಗಿಯೇ ಅತ್ತಿತು.

“ಅದು ಅಳಲಿಲ್ಲಂದ್ರ ನನ್ನ ಮೈನ ಅದನ್ನ ಕೊಂದಂಗ ಆಗತಿತ್ತು, ತಮ್ಮಾ,” ಎಂದಳು ನನ್ನೆದುರು.

ಜತ್ತಿನ ಮರಾಠಿ ಡಾಕ್ಟರು ಮೊಣಕಾಲು ಮುಟ್ಟಿ ನೋಡಿ, ಮೈ ಇಳಿಯಬೇಕು, ಆದರೆ “ಹಳೂಹಳೂ”, ನಿಧಾನವಾಗಿ, ಎಂದರಂತೆ. ಇಪ್ಪತ್ತು ವರ್ಷ ಸೇರಿದ್ದು ಇಳಿಯಲು ಎರಡು ವರ್ಷವಾದರೂ ಕೊಡಬೇಕಂತೆ. ಆಕೆ ಊಟದ ಮೂರು ರೊಟ್ಟಿಯಲ್ಲಿ ಅರ್ಧ ರೊಟ್ಟಿ ಬಿಟ್ಟಳು. ಅಷ್ಟೇ.

ನಾನು ನಕ್ಕೆ. “ಅರ್ಧ ರೊಟ್ಟಿಲೆ ಏನಾಗತೈತಿ ಅಕ್ಕಾ? ಬರ್ರಿ, ತಕ್ಕಡ್ಯಾಗ ಕುಂದ್ರಿ, ನೋಡೂಣು.”

“ನಾ ಏನ್ ಜೋಳದ ಚೀಲೇನೋ? ರೊಟ್ಟಿ ಬಿಟ್ಟದ್ದು ಹೊಟ್ಟಿಗೂ ಗೊತ್ತಾಗಬಾರದು. ಗೊತ್ತಾದ್ರ ಜಗಳಾ ತಗೀತೈತಿ.”

ಹೋಳಿಗೆ ಕೊಟ್ಟಲ್ಲಿ ಒಂದು ತಿಂದು, ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು. ಹೆರಿಗೆ ಮುಗಿಸಿ ಬಂಡಿಯಲ್ಲಿ ಮರಳುವಾಗ ಊರ ಹೊರಗಿನ ಜಾಲಿಮರದ ಹತ್ತಿರ ಇಳಿದು ನಡೆಯುವಳು. ಕೆಲವು ತಿಂಗಳ ಮೇಲೆ ಅದಕ್ಕೂ ದೂರದ ಬಾವಿಯ ಹತ್ತಿರ. ಒಂದು ಮಳೆಗಾಲ ಮೊಣಕಾಲು ಬಾತು ನಡಿಗೆ ನಿಂತಿತು, ಇಳಿದದ್ದೆಲ್ಲ ಮತ್ತೆ ಬಂತು. ಊರು ನಕ್ಕಿತು. ನಾನಾಗಿದ್ದರೆ ಅಂದೇ ನಾಲ್ಕು ರೊಟ್ಟಿಗೆ ಕೂರುತ್ತಿದ್ದೆ. ಆಕೆ ಬಾವು ಇಳಿಯುವವರೆಗೆ ಕಾದು, ಮತ್ತೆ ಜಾಲಿಮರದಿಂದಲೇ ಶುರು ಮಾಡಿದಳು.

ಮೂರನೆಯ ವರ್ಷ ನನ್ನ ಹೆಂಡತಿಗೆ ಹೆರಿಗೆ ನೋವು ಬಂತು. ಬೆಳಗಿನಿಂದ ಮಧ್ಯಾಹ್ನದವರೆಗೆ ನೀಲವ್ವಕ್ಕ ಆಕೆಯ ಬಳಿ ನೆಲದ ಮೇಲೆಯೇ ಕುಳಿತಿದ್ದಳು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ. ನಾನು ಪಡಸಾಲೆಯಲ್ಲಿ ಬೆವರುತ್ತಿದ್ದೆ. ಒಳಗೆ ನೀಲವ್ವಕ್ಕ ಸರಸರ ಎದ್ದು ಓಡಾಡಿದ್ದು ಕೇಳಿಸಿತು, ಆಮೇಲೆ ಮಗಳ ಅಳು.

ಹೊರಬಂದವಳಿಗೆ ಕೈಮುಗಿದೆ. “ಅಕ್ಕಾ, ಭಾಳ ಇಳದ್ರಿ,” ಎಂದೆ.

“ಎಲ್ಲಿ ಭಾಳ? ಇನ್ನೂ ದಪ್ಪನ ಅದೀನಿ. ನನ್ನ ಕೆಲಸಕ್ಕ ಬೇಕಾದಷ್ಟು ಇಳದೀನಿ, ಸಾಕು.”

ಮರುದಿನದಿಂದ ನಾನೂ ಅರ್ಧ ರೊಟ್ಟಿ ಬಿಟ್ಟೆ. ಮೊದಲ ತಿಂಗಳು ಯಾರೂ ಗಮನಿಸಲಿಲ್ಲ, ಎರಡನೆಯ ತಿಂಗಳೂ ಇಲ್ಲ. ಯಾರ ಕಣ್ಣಿಗೂ ಬೀಳದೆ ಒಂದು ಒಳ್ಳೆಯ ಕೆಲಸ ನಡೆಯುತ್ತಿರುವಾಗ ಎಂಥ ನೆಮ್ಮದಿ ಇರುತ್ತದೆ ಎಂಬುದು ಆಗ ನನಗೆ ತಿಳಿಯಿತು.